ಮೂರನೆಯ ಸುತ್ತಿನವರೆಗೂ

ಇಥಿಯೋಪಿಯಾದ ಅಡಿಸ್ ಅಬಾಬಾದ ಗಡಿಯಾರಕ್ಕೆ ನಡುರಾತ್ರಿಯ ಹಂಗಿಲ್ಲ. ಹೊತ್ತು ಮೂಡಿದರೆ ದಿನ ಮೂಡಿತು, ಎಣಿಕೆ ಅಲ್ಲಿಂದಲೇ. ನಮ್ಮ ಬೆಳಗಿನ ಏಳು ಇಲ್ಲಿಯವರಿಗೆ ಒಂದು ಗಂಟೆ, ನಮ್ಮ ನಡುಹಗಲ ಹನ್ನೆರಡು ಇವರಿಗೆ ಆರು. ಸಂಜೆ ಹೊತ್ತು ಮುಳುಗಿದೊಡನೆ ಹಗಲಿನ ಹನ್ನೆರಡು ತೀರಿ ಇರುಳಿನ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಭೂಮಧ್ಯರೇಖೆಗೆ ಹತ್ತಿರದ ಊರಾದ್ದರಿಂದ ವರ್ಷವಿಡೀ ಹಗಲೂ ಇರುಳೂ ಹೆಚ್ಚುಕಡಿಮೆ ಸರಿಸಮ. ಲೆಕ್ಕ ಎಲ್ಲೂ ಎಡವುವುದಿಲ್ಲ. ಇಲ್ಲಿಗೆ ಪಾಠ ಹೇಳಲು ಬಂದ ಹೊಸದರಲ್ಲಿ ಇದು ನನಗೆ ವಿಚಿತ್ರವೆನಿಸಲಿಲ್ಲ. ಸೂರ್ಯೋದಯದಿಂದ ಘಳಿಗೆ ಎಣಿಸುವ ಪಂಚಾಂಗದ ಮನೆಯಿಂದ ಬಂದವನು ನಾನು. ಬದಲಿಗೆ, ಊರೆಲ್ಲ ಗೊರಕೆ ಹೊಡೆಯುವ ಹೊತ್ತಿನಲ್ಲಿ ಯಾರಿಗೂ ಕಾಣದಂತೆ ತಾರೀಕು ಬದಲಿಸುವ ನಮ್ಮ ರೂಢಿಯೇ ಕಳ್ಳತನದ ಹಾಗೆ ಕಾಣತೊಡಗಿತು.

ಕಾಲೇಜಿನ ಗೋಡೆಗೆ ಅಂಟಿಸಿದ ವೇಳಾಪಟ್ಟಿ ಒಂದು ಲೆಕ್ಕದ್ದು, ಹುಡುಗರ ಬಾಯಲ್ಲಿರುವುದು ಇನ್ನೊಂದು. 'ಟೀಚರ್, ಮೂರು ಗಂಟೆಗೆ ಲ್ಯಾಬ್' ಎಂದರೆ ಒಂಬತ್ತಕ್ಕೆ. ಇದಕ್ಕೆ ಕೂಡಿ ಕಳೆಯುವ ಗೋಜೇನೂ ಬೇಡ. ಗಂಟೆಮುಳ್ಳು ತೋರಿಸುವ ಅಂಕಿ ಬಿಟ್ಟು ಅದಕ್ಕೆ ನೇರ ಎದುರಿನ ಅಂಕಿ ಓದಿದರಾಯಿತು. ಒಂದೇ ಕೈಗಡಿಯಾರದ ಮುಳ್ಳಿನ ಮೂತಿಯಲ್ಲಿ ಸ್ಟಾಫ್ ರೂಮು, ಬಾಲದಲ್ಲಿ ಊರು. ಭೌತಶಾಸ್ತ್ರದ ಮೇಷ್ಟ್ರಿಗೆ ಇಂಥ ಅಗ್ಗದ ಉಪಾಯಗಳು ಕೊಡುವ ಸಂತೋಷ ಬೇರೆಯವರಿಗೆ ಅರ್ಥವಾಗುವುದು ಕಷ್ಟ.

ಪರದೇಶದ ಮೇಷ್ಟ್ರ ಬದುಕನ್ನು ಕುರಿತು ಊರಿನಲ್ಲಿ ಕೇಳುವವರಿಗೆ ಎರಡೇ ಕುತೂಹಲ: ಸಂಬಳ ಎಷ್ಟು, ಊಟಕ್ಕೇನು. ಇವೆರಡರ ನಡುವೆ ಒಂದು ದೊಡ್ಡ ಐಶ್ವರ್ಯವಿದೆ. ಪ್ರವಾಸಿಗೆ ಒಂದು ಸಲ ಸಿಗುವುದು ಮೇಷ್ಟ್ರಿಗೆ ಪ್ರತಿ ಬುಧವಾರ ಸಿಗುತ್ತದೆ. ಅದೇ ಬೀದಿ, ಅದೇ ತಿರುವು, ಅದೇ ಕಾಫಿ ಮಾರುವ ಹುಡುಗಿ. ಸಲಸಲಕ್ಕೂ ಒಂದು ಪದರ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಊರವರಿಗೆ ಅದೆಲ್ಲ ಕಣ್ಣಿಗೆ ಸವೆದುಹೋಗಿದೆ. ನನಗೆ ಸವೆಯುವಷ್ಟು ಹಳತಾಗಿಲ್ಲ, ಬೆರಗಾಗಿ ನಿಲ್ಲುವಷ್ಟು ಹೊಸತೂ ಅಲ್ಲ. ರುಚಿ ಹತ್ತುವುದು ಈ ನಡುವಿನ ಜಾಗದಲ್ಲೇ ಎಂದು ನನ್ನ ಅನುಮಾನ.

ನಗರವಿರುವುದು ಸಮುದ್ರಮಟ್ಟದಿಂದ 2,300 ಮೀಟರಿಗೂ ಮೇಲೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಎತ್ತರದಲ್ಲಿ ಬಸ್ಸು, ಬ್ಯಾಂಕು, ಸಂತೆ, ಟ್ರಾಫಿಕ್ ಜಾಮು ಎಲ್ಲ ನಡೆದಿದೆ. ಇಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಅನ್ನ ಬೇಯಬೇಕಾದರೆ ಕುಕ್ಕರನ್ನೇ ನಂಬಬೇಕು, ಬೇಳೆಗೆ ಇನ್ನೆರಡು ಕೂಗು ಹೆಚ್ಚು ಬೇಕು. ಬೆಳಗಿನ ಗಾಳಿಯಲ್ಲಿ ನೀಲಗಿರಿ ಎಲೆಯ ವಾಸನೆ. ಊರು ಹುಟ್ಟಿದ ಹೊಸದರಲ್ಲಿ, ಎರಡನೆಯ ಮೆನೆಲಿಕ್ ಆಳುತ್ತಿದ್ದಾಗ, ಸುತ್ತಲಿನ ಕಾಡು ಸೌದೆಗೆ ಮುಗಿದುಹೋಗಿ, ಬೇಗ ಬೆಳೆಯುತ್ತದೆಂದು ಆಸ್ಟ್ರೇಲಿಯಾ ಮೂಲದ ಈ ಮರವನ್ನು ತರಿಸಿ ನೆಡಿಸಿದರಂತೆ. ಈಗ ಉತ್ತರಕ್ಕಿರುವ ಎಂತೋತೋ ಬೆಟ್ಟದ ತುಂಬ ಅದೇ. ಸೌದೆಯ ಹೊರೆಯನ್ನು ಬೆನ್ನಿಗೆ ಅಡ್ಡಲಾಗಿ ಕಟ್ಟಿಕೊಂಡ ಹೆಂಗಸರು ಬೆಟ್ಟದಿಂದ ಇಳಿದು ಬರುವುದನ್ನು ಬೆಳಿಗ್ಗೆ ನೋಡಿದ ಮೇಲೆ ನೀಲಗಿರಿಯ ಪರಿಮಳವನ್ನು ಬರಿಯ ಪರಿಮಳವೆಂದು ಮೂಸುವುದು ಸ್ವಲ್ಪ ಕಷ್ಟವಾಗುತ್ತದೆ.

ಕಾಲೇಜಿಗೆ ಹೋಗುವುದು ನೀಲಿ ಬಿಳಿ ಬಣ್ಣದ ಮಿನಿಬಸ್ಸಿನಲ್ಲಿ. ಬಾಗಿಲಿಗೆ ಜೋತುಬಿದ್ದ ಹುಡುಗ ಹೋಗುವ ಜಾಗದ ಹೆಸರನ್ನು ಉಸಿರು ಬಿಡದೆ ಕೂಗುತ್ತಿರುತ್ತಾನೆ. ಪಕ್ಕದಲ್ಲಿ ಕೂತ ಹಿರಿಯರಿಗೆ ನಾನು ಭಾರತದವನೆಂದು ತಿಳಿದರೆ ಮುಂದಿನ ಪ್ರಶ್ನೆ ನನಗೆ ಗೊತ್ತು: 'ಗಣಿತವೋ?' ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಿಂದ ಭಾರತದ ಮೇಷ್ಟ್ರುಗಳು, ಅದರಲ್ಲೂ ಕೇರಳದವರು, ಈ ದೇಶದ ಊರೂರಿನ ಹೈಸ್ಕೂಲುಗಳಲ್ಲಿ ಪಾಠ ಹೇಳಿದ್ದಾರೆ. ತಲೆ ನರೆತವರೊಬ್ಬರು ತಮ್ಮ ಲೆಕ್ಕದ ಮೇಷ್ಟ್ರ ಸಿಟ್ಟು, ಸೈಕಲ್ಲು, ಇಸ್ತ್ರಿ ಮಾಡಿದ ಬಿಳಿ ಷರ್ಟು, ಎಲ್ಲವನ್ನೂ ನಾಲ್ಕು ಸ್ಟಾಪುಗಳಲ್ಲಿ ವರ್ಣಿಸಿ, ಇಳಿಯುವಾಗ ನನ್ನ ಚಾರ್ಜನ್ನೂ ತಾವೇ ಕೊಟ್ಟು ಹೋದರು. ಹೆಸರೂ ಗೊತ್ತಿಲ್ಲದ ಆ ಮಲೆಯಾಳಿ ಮಾಸ್ತರರ ಪುಣ್ಯದಲ್ಲಿ ನಾನು ಇಂಥ ಎಷ್ಟೋ ಪ್ರಯಾಣ ಮಾಡಿದ್ದೇನೆ.

ತರಗತಿಯ ರುಚಿಯೇ ಬೇರೆ. ಇಲ್ಲಿಯ ಹುಡುಗರು ಮೆಲುದನಿಯವರು. ಕೊನೆಯ ಬೆಂಚಿನಿಂದ ಪ್ರಶ್ನೆ ಕೇಳಿದರೂ ಗುಟ್ಟು ಹೇಳಿದ ಹಾಗೆ ಕೇಳುತ್ತಾರೆ. 'ಹೌದು' ಎನ್ನಬೇಕಾದಾಗ ಬಾಯಿಂದ ಮಾತೇ ಹೊರಡುವುದಿಲ್ಲ, ಉಸಿರನ್ನು ಚುರುಕಾಗಿ ಒಳಗೆಳೆದುಕೊಳ್ಳುತ್ತಾರೆ. ನಾವು ಏನನ್ನೋ ಕಂಡು ಬೆಚ್ಚಿದಾಗ ಮಾಡುವ ಸದ್ದು ಇಲ್ಲಿ ಒಪ್ಪಿಗೆಯ ಗುರುತು. ಬೋರ್ಡಿನ ಮೇಲೆ ನ್ಯೂಟನ್ನನ ಎರಡನೆಯ ನಿಯಮ ಬರೆದು 'ಗೊತ್ತಾಯಿತೇ?' ಎಂದು ತಿರುಗಿದರೆ ಅರುವತ್ತು ಮಂದಿ ಒಟ್ಟಿಗೆ ಉಸಿರು ಒಳಗೆಳೆಯುತ್ತಾರೆ. ಜಗತ್ತಿನಲ್ಲಿ ನ್ಯೂಟನ್ನನಿಗೆ ಇಷ್ಟು ದಿಗ್ಭ್ರಮೆಯ ಸ್ವಾಗತ ಇನ್ನೆಲ್ಲೂ ಸಿಗಲಾರದು. ಈಗೀಗ ಆ ಉಸಿರಿನಲ್ಲಿಯೂ ತರತಮ ತಿಳಿಯುತ್ತದೆ. ನಿಜವಾಗಿ ಅರ್ಥವಾದಾಗಿನದು ಚಿಕ್ಕದು, ಚೂಪು. ಮೇಷ್ಟ್ರಿಗೆ ಬೇಸರವಾಗದಿರಲೆಂದು ಎಳೆದದ್ದು ತುಸು ಉದ್ದ.

ಇವರ ಅಕ್ಷರಮಾಲೆಯ ಪಟ ಕಂಡಾಗ ಕನ್ನಡದವನಿಗೆ ನಗು ಬರುತ್ತದೆ. ಮೂವತ್ತಮೂರು ಮೂಲಾಕ್ಷರ, ಒಂದೊಂದಕ್ಕೂ ಸ್ವರಕ್ಕೆ ತಕ್ಕಂತೆ ಏಳು ರೂಪ. ಕಾಲು ಎಳೆದು, ಸೊಂಟಕ್ಕೊಂದು ಕಡ್ಡಿ ಸಿಕ್ಕಿಸಿ, ನೆತ್ತಿಗೊಂದು ಉಂಗುರ ತೊಡಿಸಿ ಮಾಡಿದ ಕಾಗುಣಿತ. ಇಂಗ್ಲಿಷಿನ ಸಹೋದ್ಯೋಗಿಗಳು ತಿಂಗಳುಗಟ್ಟಲೆ ತಿಣುಕಿದ್ದನ್ನು ನಾನು ಸಲೀಸಾಗಿ ದಾಟಿದೆ. ಜಾಣತನ ನನ್ನದಲ್ಲ, ಒಂದನೇ ಕ್ಲಾಸಿನಲ್ಲಿ ನನ್ನ ಕಿವಿ ಹಿಂಡಿ ಮಗ್ಗಿಯ ಹಾಗೆ ಕ ಕಾ ಕಿ ಕೀ ಒಪ್ಪಿಸಿಕೊಂಡ ಮೇಷ್ಟ್ರದು. ಅರ್ಥ ತಿಳಿಯದಿದ್ದರೂ ಅಂಗಡಿಯ ಬೋರ್ಡುಗಳನ್ನು ಗಟ್ಟಿಯಾಗಿ ಓದುತ್ತ ನಡೆಯುವುದರ ಸುಖವೇ ಸುಖ.

ಇನ್ನು ಕಾಫಿ. ಇದನ್ನು ಬೇಗ ಹೇಳಿ ಮುಗಿಸುವಂತಿಲ್ಲ, ಕುಡಿದೂ ಮುಗಿಸುವಂತಿಲ್ಲ.

ಭಾನುವಾರ ಮಧ್ಯಾಹ್ನ ನಮ್ಮ ಮನೆಯೊಡತಿ ನಡುಮನೆಯಲ್ಲಿ ಹಸಿ ಹುಲ್ಲು ಹರಡುತ್ತಾರೆ. ಪೇಟೆಯ ನಡುವಿನ ಸಿಮೆಂಟು ನೆಲದ ಮೇಲೆ ಈಗಷ್ಟೇ ಕೊಯ್ದ ಹುಲ್ಲಿನ ವಾಸನೆ ಏಳುತ್ತದೆ. ಅರ್ಧ ಕೆಲಸ ಅದೇ ಮಾಡಿತು. ಗಿಡ್ಡ ಮಣೆಯ ಮೇಲೆ ಕೂತು, ಹಸಿರು ಬೀಜವನ್ನು ತೊಳೆದು, ಕೆಂಡದ ಮೇಲಿನ ಬಾಣಲೆಗೆ ಸುರಿದು ಕೈಯಾಡಿಸುತ್ತಾರೆ. ಮೊದಲು ಬರುವುದು ಹುಲ್ಲುಕಡ್ಡಿ ಸುಟ್ಟಂಥ ವಾಸನೆ, ಆಮೇಲೆ ಜೋಳ ಹುರಿದಂಥದು, ಬೀಜ ಚಟಪಟ ಎನ್ನತೊಡಗಿದ ಮೇಲೆ ಕಾಫಿಯದು. ಎಣ್ಣೆ ಜಿನುಗಿ ಬೀಜ ಮಿರುಗುವ ಹೊತ್ತಿಗೆ ಬಾಣಲೆಯನ್ನು ಒಬ್ಬೊಬ್ಬರ ಮುಂದೂ ತಂದು ಹಿಡಿಯುತ್ತಾರೆ. ಮಂಗಳಾರತಿ ತೆಗೆದುಕೊಂಡ ಹಾಗೆ ಎಲ್ಲರೂ ಹೊಗೆಯನ್ನು ಅಂಗೈಯಿಂದ ಮುಖದ ಕಡೆಗೆ ಎಳೆದುಕೊಂಡು ಮೂಸಿ, 'ಚೆನ್ನಾಗಿದೆ' ಎನ್ನುತ್ತಾರೆ. ಕುಡಿಯುವುದಕ್ಕೆ ಇನ್ನೂ ಅರ್ಧ ಗಂಟೆಯಿದೆ, ಮೆಚ್ಚುಗೆ ಮಾತ್ರ ಆಗಲೇ ಸಲ್ಲಿಸಿ ಆಯಿತು.

ಮರದ ಒರಳಿನಲ್ಲಿ ಕುಟ್ಟಿದ ಪುಡಿ ಜೆಬೆನಾ ಎಂಬ ಮಣ್ಣಿನ ಹೂಜಿಗೆ ಇಳಿಯುತ್ತದೆ. ಉರುಟು ಹೊಟ್ಟೆ, ನೀಳ ಕೊರಳು, ಕೆಂಡದ ಮೇಲೆ ಕೂತು ಕರ್ರಗಾದ ಮೈ. ಪಕ್ಕದಲ್ಲಿ ಲೋಬಾನದ ಹೊಗೆ. ನಮಗೆ ಕುರುಕಲು ಹುರಿದ ಜವೆಗೋಧಿ, ಜೋಳದ ಅರಳು. ಹಿಡಿಯಿಲ್ಲದ ಪುಟ್ಟ ಪಿಂಗಾಣಿ ಬಟ್ಟಲುಗಳನ್ನು ಒಂದಕ್ಕೊಂದು ತಾಗಿಸಿ ಜೋಡಿಸಿಟ್ಟಿರುತ್ತಾರೆ. ಮನೆಯೊಡತಿ ಒಂದು ಗೇಣು ಮೇಲಿನಿಂದ ಸಣ್ಣ ಧಾರೆ ಹಿಡಿದು, ಧಾರೆ ಕಡಿಯದ ಹಾಗೆ ಎಲ್ಲ ಬಟ್ಟಲುಗಳನ್ನೂ ಒಂದೇ ಓಟದಲ್ಲಿ ತುಂಬುತ್ತಾರೆ. ಹೂಜಿಯ ತಳದ ಗಸಿ ಕದಡದಿರಬೇಕಾದರೆ ಮಣಿಕಟ್ಟು ಅಳುಕಬಾರದು. ದ್ರವಗಳ ಹರಿವನ್ನು ನಾನು ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಅದನ್ನು ಬಲ್ಲವರನ್ನು ಕಂಡದ್ದು ಇಲ್ಲಿ.

ಮೊದಲ ಸುತ್ತಿಗೆ ಅಬೋಲ್ ಎಂದು ಹೆಸರು. ಗಟ್ಟಿ, ಕಹಿ, ನೇರ. ಅದೇ ಪುಡಿಗೆ ಮತ್ತೆ ನೀರೆರೆದು ಕುದಿಸಿದರೆ ಎರಡನೆಯದು, ತೋನಾ. ಇನ್ನೊಮ್ಮೆ ನೀರೆರೆದರೆ ಮೂರನೆಯದು, ಬರಕಾ. ಮನೆಗೆ ಹರಕೆ ಸಲ್ಲುವ ಬಟ್ಟಲು. ಅದಕ್ಕೆ ಮುಂಚೆ ಏಳುವುದು ಮರ್ಯಾದೆಯಲ್ಲ. ನನ್ನ ನಾಲಿಗೆಯ ಓಟು ಎರಡನೆಯದಕ್ಕೆ. ಕಹಿ ತನ್ನ ಹಟ ಬಿಟ್ಟು ಪರಿಮಳಕ್ಕೆ ದಾರಿ ಬಿಡುವುದು ಅಲ್ಲಿಯೇ. ಮೂರನೆಯದು ಕಾಫಿಯ ಲೆಕ್ಕದಲ್ಲಿ ನೀರೇ. ಆದರೆ ಕಾಫಿ ತೆಳುವಾದಷ್ಟೂ ಮಾತು ಗಟ್ಟಿಯಾಗುತ್ತದೆ ಎಂಬುದನ್ನು ಕಂಡುಕೊಂಡಿದ್ದೇನೆ. ಅಬೋಲ್‌ನಲ್ಲಿ ಈರುಳ್ಳಿಯ ರೇಟು, ಮಳೆ. ತೋನಾದಲ್ಲಿ ಯಾರ ಮಗಳಿಗೆ ಎಲ್ಲಿ ಗಂಡು ಗೊತ್ತಾಯಿತು ಎನ್ನುವುದು. ಮನಸ್ಸಿನಲ್ಲಿ ಇಟ್ಟುಕೊಂಡು ಬಂದದ್ದು ಹೊರಬರುವುದು ಬರಕಾದಲ್ಲಿ: ಸಾಲ, ಕಾಯಿಲೆ, ಪಡೆಗೆ ಸೇರಿದ ಮಗನ ಫೋನು ಬರದಿರುವುದು. ಎರಡೇ ಗುಟುಕಿನ ಸ್ಟೀಲ್ ಲೋಟ ಎತ್ತಿ 'ಬರ್ತೀನಿ' ಎಂದು ಎದ್ದುಬಿಡುವ ನಮ್ಮ ದರ್ಶಿನಿಯ ಕಾಫಿಯಲ್ಲಿ ಇದಕ್ಕೆಲ್ಲ ಎಡೆಯೆಲ್ಲಿ?

ಚಿಕ್ಕಮಗಳೂರಿನ ನೆಂಟರಿರುವವನು ನಾನು, ಕಾಫಿಯ ವಿಷಯದಲ್ಲಿ ಸುಮ್ಮನೆ ಸೋಲೊಪ್ಪುವವನಲ್ಲ. ಆದರೆ ಇಲ್ಲಿ ವಾದಕ್ಕೆ ಬಲವಿಲ್ಲ. ಬಾಬಾಬುಡನ್ ಯೆಮನ್‌ನ ಮೋಕಾದಿಂದ ಬೀಜ ತಂದರೆಂಬುದು ನಮ್ಮ ಕತೆ. ಯೆಮನ್ನಿಗೆ ಅದು ಕೆಂಪು ಸಮುದ್ರ ದಾಟಿ ಹೋದದ್ದು ಇಲ್ಲಿಂದ. ನೈರುತ್ಯದ ಕಾಡುಗಳಲ್ಲಿ, ಕಾಫಾ ಸೀಮೆಯ ಸುತ್ತಮುತ್ತ, ಯಾರೂ ನೆಡದ ಕಾಫಿ ಗಿಡಗಳು ದೊಡ್ಡ ಮರಗಳ ನೆರಳಿನಲ್ಲಿ ಇಂದಿಗೂ ತಮ್ಮಷ್ಟಕ್ಕೆ ತಾವು ಬೆಳೆಯುತ್ತವೆ.

ಊರಿನಲ್ಲಿ ಇನ್ನೊಂದು ಕಾಫಿಯೂ ಉಂಟು, ಇಟಲಿಯವರು ಬಿಟ್ಟುಹೋದ ಮೆಷಿನ್ನಿನದು. 1936ರಿಂದ 1941ರವರೆಗೆ ಅವರ ಸೇನೆ ಇಲ್ಲಿತ್ತು. ದಂಡು ಹೋಯಿತು, ಮಕಿಯಾಟೊ ಉಳಿಯಿತು. ಪಿಯಾಸಾ ಎಂಬ ಹಳೆಯ ಪೇಟೆಯಲ್ಲಿ 1953ರ ಟೊಮೊಕಾ ಅಂಗಡಿಯಲ್ಲಿ ಎತ್ತರದ ಮೇಜಿಗೆ ಆತು ನಿಂತು ಅದನ್ನು ಕುಡಿಯಬೇಕು. ಸುತ್ತಲಿನ ಹಳೆಯ ಬೀದಿಗಳಲ್ಲಿ ಬಹಳಷ್ಟನ್ನು 2024ರಲ್ಲಿ ರಸ್ತೆ ಅಗಲ ಮಾಡುವ ಭರದಲ್ಲಿ ಕೆಡವಿದರು. ಈಗ ರಸ್ತೆ ಅಗಲವಾಗಿದೆ, ಒಪ್ಪಿದೆ. ಅಡ್ಡಾಡಲು ಕಾರಣ ಕಡಿಮೆಯಾಗಿದೆ. ಇಟಲಿಯವರ ಇನ್ನೊಂದು ಆಸ್ತಿ ಸಿದಿಸ್ತ್ ಕಿಲೋದ ವಿಶ್ವವಿದ್ಯಾಲಯದ ಅಂಗಳದಲ್ಲಿದೆ. ಚಕ್ರವರ್ತಿ ಹೈಲೆ ಸೆಲಾಸಿ ತನ್ನ ಅರಮನೆಯನ್ನೇ ವಿದ್ಯಾರ್ಥಿಗಳಿಗೆ ಬಿಟ್ಟುಕೊಟ್ಟ ಜಾಗ ಅದು. ಮುಸೊಲಿನಿಯ ಆಳ್ವಿಕೆಯ ವರ್ಷಕ್ಕೊಂದರಂತೆ ಮೆಟ್ಟಿಲು ಸೇರಿಸುತ್ತ ಕಟ್ಟಿದ, ಎಲ್ಲಿಗೂ ಹೋಗದ ಸುರುಳಿ ಮೆಟ್ಟಿಲು. ಗೆದ್ದ ಮೇಲೆ ಇವರು ಅದನ್ನು ಒಡೆಯಲಿಲ್ಲ. ತುದಿಯಲ್ಲಿ ಪುಟ್ಟ ಸಿಂಹವೊಂದನ್ನು, ತಮ್ಮ ರಾಜಮುದ್ರೆಯನ್ನು, ಕೂರಿಸಿದರು. ಲೈಬ್ರರಿಗೆ ಹೋದಾಗಲೆಲ್ಲ ಅದನ್ನೊಮ್ಮೆ ನೋಡಿ ಬರುತ್ತೇನೆ. ಸೇಡು ತೀರಿಸುವುದರಲ್ಲಿಯೂ ಅಭಿರುಚಿ ಇರಬಹುದು.

ಊಟಕ್ಕೆ ಬರೋಣ. ಇಂಜೆರಾ ತಿಂದ ಕನ್ನಡಿಗರೆಲ್ಲ 'ಥೇಟ್ ದೋಸೆ' ಎನ್ನುತ್ತಾರೆ. ಅವರೊಡನೆ ನನ್ನ ಜಗಳ ಮುಗಿದಿಲ್ಲ. ಸಾಸಿವೆಗಿಂತಲೂ ಸಣ್ಣ ಕಾಳಿನ ಟೆಫ್ ಎಂಬ ಧಾನ್ಯದ ಹಿಟ್ಟನ್ನು ಕಲಸಿ, ಹಳೆಯ ಹಿಟ್ಟಿನ ಮೇಲೆ ನಿಂತ ಹುಳಿನೀರನ್ನು ಬೆರೆಸಿ, ಎರಡು ಮೂರು ದಿನ ಹುದುಗು ಬರಲು ಬಿಡುತ್ತಾರೆ. ಅಗಲವಾದ ಮಣ್ಣಿನ ಹೆಂಚಿನ ಮೇಲೆ ಹೊರಗಿನಿಂದ ಒಳಕ್ಕೆ ಸುತ್ತು ಬರುತ್ತ ಹೊಯ್ದು ಮುಚ್ಚಿದರೆ, ಮೇಲ್ಮೈಯಲ್ಲಿ ಸಾವಿರ ಕಣ್ಣು ತೆರೆಯುತ್ತವೆ. ಮಗುಚಿ ಹಾಕುವುದಿಲ್ಲ. ದೋಸೆ ಬಿಸಿ ಆರಿದರೆ ಸತ್ತಂತೆ. ಇಂಜೆರಾ ಆರಿದ ಮೇಲೆಯೇ ಜೀವ ತಳೆಯುವುದು. ತಣ್ಣಗೆ, ಹುಳಿಯಾಗಿ, ಮೆತ್ತಗೆ ಅಗಲಿಸಿಕೊಂಡು ಮಲಗಿರುತ್ತದೆ. ಅದೇ ತಟ್ಟೆ, ಅದೇ ಚಮಚ, ಅದೇ ಊಟ. ನಾಲ್ಕು ಮಂದಿ ಸುತ್ತ ಕೂತು ತಂತಮ್ಮ ಅಂಚಿನಿಂದ ಹರಿದು ತಿನ್ನುತ್ತ ನಡುವಿಗೆ ಬರುತ್ತಾರೆ. ಎಲ್ಲ ಸಾರುಗಳನ್ನೂ ಹೀರಿಕೊಂಡ ತಳದ ತುಂಡಿನ ರುಚಿ ಮೊದಲ ತುತ್ತು ತಿಂದು ಎದ್ದವರಿಗೆ ದಕ್ಕುವುದಿಲ್ಲ.

ಇಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರಿಗೆ ಬುಧವಾರ, ಶುಕ್ರವಾರ ವ್ರತ. ಮಾಂಸವಷ್ಟೇ ಅಲ್ಲ, ಹಾಲು ತುಪ್ಪ ಮೊಟ್ಟೆ ಕೂಡ ವರ್ಜ್ಯ. ಈಸ್ಟರಿಗೆ ಮುಂಚಿನ ದೊಡ್ಡ ವ್ರತವಂತೂ 55 ದಿನ. ನನ್ನಂಥ ಸೊಪ್ಪು ಬೇಳೆಯವನಿಗೆ ಅವರ ವ್ರತವೇ ಹಬ್ಬ. ಬುಧವಾರ ಕ್ಯಾಂಟೀನಿನ ಹುಡುಗಿ 'ಗಾಶೆ, ಇವತ್ತು ನಿಮ್ಮ ದಿನ' ಎನ್ನುತ್ತಾಳೆ. ಹಿರಿಯರನ್ನು ಇಲ್ಲಿ ಗಾಶೆ ಎನ್ನುವುದು ವಾಡಿಕೆ. ಒಂದು ಇಂಜೆರಾದ ಮೇಲೆ ಖಾರದ ಕೆಂಪು ಮಸೂರು ಬೇಳೆ, ಅರಿಸಿನದ ಹಳದಿ ಬೇಳೆ, ಎಲೆಕೋಸು ಕ್ಯಾರೆಟ್ಟು, ಬೆಳ್ಳುಳ್ಳಿ ಹಾಕಿದ ಕಡುಹಸಿರು ಸೊಪ್ಪು, ಬೀಟ್‌ರೂಟು, ನಡುವೆ ಮಣ್ಣಿನ ಕುಡಿಕೆಯಲ್ಲಿ ಇನ್ನೂ ಕೊತಕೊತ ಎನ್ನುತ್ತಿರುವ ಶಿರೊ. ಕಡಲೆ ಹಿಟ್ಟಿಗೆ ಬೆರ್ಬೆರೆ ಎಂಬ ಮಸಾಲೆಪುಡಿ ಸೇರಿಸಿ ಕುದಿಸಿದ್ದು, ಅಷ್ಟೇ. ಆದರೂ ಒಂದು ದೇಶವನ್ನು ಅದೊಂದರ ಮೇಲೆ ನಿಲ್ಲಿಸಬಹುದು. ಹಬ್ಬದ ಮರುದಿನ ಸಹೋದ್ಯೋಗಿಗಳು ಹಸಿಮಾಂಸದ ತಟ್ಟೆಯ ಮುಂದೆ ಕೂತಾಗ ನಾನು ನನ್ನ ಶಿರೊ ಹಿಡಿದು ಎದುರಿಗೆ ಕೂರುತ್ತೇನೆ. ಅಷ್ಟು ದಿನ ಕಾದು ತಿನ್ನುವವರ ಮುಖ ನೋಡುವಂಥದು.

ತುತ್ತು ಮಾಡಿ ಪಕ್ಕದವರ ಬಾಯಿಗಿಡುವ ಪದ್ಧತಿಯೊಂದಿದೆ, ಗುರ್ಶಾ. ತುತ್ತು ದೊಡ್ಡದಾದಷ್ಟೂ ಪ್ರೀತಿ ದೊಡ್ಡದು. ಪದವಿ ಪಡೆದ ದಿನ ಹುಡುಗನೊಬ್ಬ ಎದ್ದು ಬಂದು, ಕೈಗೊಂದು ಕೈ ಆಸರೆ ಕೊಟ್ಟು, ನನ್ನ ಬಾಯಿಗೆ ಇಂಜೆರಾ ತುರುಕಿದ. ನನ್ನ ಪೇಪರಿನಲ್ಲಿ ಒಮ್ಮೆ ಫೇಲಾಗಿದ್ದವನು. ತುತ್ತಿನ ಗಾತ್ರದಲ್ಲಿ ಪ್ರೀತಿ ಎಷ್ಟು, ಬಾಕಿ ಎಷ್ಟು ಎಂದು ಬಾಯಿ ತುಂಬಿದ್ದರಿಂದ ಕೇಳಲಾಗಲಿಲ್ಲ.

ಮೆರ್ಕಾಟೊ ಎಂಬ ದೊಡ್ಡ ಸಂತೆಯಲ್ಲಿ ಧಾನ್ಯದ ಸಾಲಿಗೆ ಹೋದರೆ ಮೂಟೆಯ ಬಾಯಲ್ಲಿ ರಾಗಿ! ಇಲ್ಲಿ ಅದು ದಗುಸಾ. ಎರಡು ಹೆಜ್ಜೆ ಆಚೆಗೆ ಹುಚ್ಚೆಳ್ಳು. ಊರನ್ನೇ ಕಂಡಂತಾಯಿತು ಎನ್ನಬಹುದಿತ್ತು, ಆದರೆ ಲೆಕ್ಕ ತಿರುಗುಮುರುಗು. ರಾಗಿಯನ್ನು ಮನುಷ್ಯ ಮೊದಲು ಪಳಗಿಸಿದ್ದು ಪೂರ್ವ ಆಫ್ರಿಕಾದ ಎತ್ತರದ ಸೀಮೆಯಲ್ಲಿ. ನಮ್ಮಲ್ಲಿಗೆ ಬಂದದ್ದು ಸಾವಿರಾರು ವರ್ಷ ಹಿಂದೆ. ಹುಚ್ಚೆಳ್ಳಂತೂ ತನ್ನ ಸಸ್ಯಶಾಸ್ತ್ರದ ಹೆಸರಿನಲ್ಲೇ ಈ ನಾಡಿನ ಹಳೆಯ ಹೆಸರಾದ ಅಬಿಸೀನಿಯಾವನ್ನು ಹೊತ್ತಿದೆ. ಮಂಡ್ಯದ ಮುದ್ದೆಯನ್ನೂ ಅದರ ಪಕ್ಕದ ಹುಚ್ಚೆಳ್ಳು ಚಟ್ನಿಯನ್ನೂ ಅಪ್ಪಟ ನಮ್ಮದೆಂದು ಎದೆ ತಟ್ಟಿಕೊಂಡವನು ಅವೆರಡರ ತವರಿನಲ್ಲಿ ಚೀಲ ಹಿಡಿದು ನಿಂತಿದ್ದೆ. ಎರಡು ಕಿಲೋ ರಾಗಿ ಕೇಳಿದ ಭಾರತೀಯನನ್ನು ಅಂಗಡಿಯಾಕೆ ಮೇಲಿಂದ ಕೆಳಗೆ ನೋಡಿ, 'ಅರಕಿ ಇಳಿಸೋಕಾ?' ಎಂದಳು. ಅವರ ಭಟ್ಟಿಯ ಸಾರಾಯಿಗೂ ಅದೇ ಧಾನ್ಯ. ಮುದ್ದೆಯನ್ನು ಅಭಿನಯಿಸಿ ತೋರಿಸಲು ನಾನು ಪಟ್ಟ ಪಾಡು ಅವಳ ಅನುಮಾನವನ್ನು ಇನ್ನಷ್ಟು ಗಟ್ಟಿ ಮಾಡಿತೆಂದು ತೋರುತ್ತದೆ.

ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಳೆ. ತಗಡಿನ ಮಾಡಿನ ಮೇಲೆ ಆಲಿಕಲ್ಲು ಬಿದ್ದರೆ ಪಾಠ ನಿಲ್ಲಿಸಬೇಕು, ಮೇಷ್ಟ್ರ ದನಿ ಮೊದಲ ಬೆಂಚಿಗೂ ಮುಟ್ಟುವುದಿಲ್ಲ. ರಾತ್ರಿ ಉತ್ತರಪತ್ರಿಕೆ ತಿದ್ದುವಾಗ ಹೊದೆಯಲು ಗಾಬಿ ಇದೆ: ದಕ್ಷಿಣದ ದೋರ್ಜೆ ಸೀಮೆಯ ನೇಕಾರರು ಮಗ್ಗದಲ್ಲಿ ನೇಯ್ದ, ನಾಲ್ಕು ಪದರದ ದಪ್ಪ ಹತ್ತಿಯ ಹೊದಿಕೆ. ಹೊಸದರಲ್ಲಿ ಒರಟು, ಒಗೆದಷ್ಟೂ ಹೊದೆದಷ್ಟೂ ಮೈಗೆ ಒಗ್ಗುತ್ತದೆ. ಕೈ ಮಾತ್ರ ಹೊರಗೆ ಬಿಟ್ಟು ಕೂತರೆ ತಪ್ಪು ಉತ್ತರಗಳ ಮೇಲೂ ಕರುಣೆ ಹುಟ್ಟುತ್ತದೆ.

ಮೂವತ್ತು ದಿನದ ಹನ್ನೆರಡು ತಿಂಗಳು ಮುಗಿದ ಮೇಲೆ ಉಳಿಯುವ ಐದು ದಿನ, ನಾಲ್ಕು ವರ್ಷಕ್ಕೊಮ್ಮೆ ಆರು, ಸೇರಿ ಹದಿಮೂರನೆಯ ತಿಂಗಳು: ಪಗುಮೆ. ಸಂಬಳವಿಲ್ಲದ ತಿಂಗಳೆಂದು ಸ್ಟಾಫ್ ರೂಮಿನ ಹಳೆಯ ತಮಾಷೆ. ಅದರ ಮೂರನೆಯ ದಿನ ಸಂತ ರುಫಾಯೆಲ್‌ನ ಹಬ್ಬ. ಅಂದು ಬೀಳುವ ಮಳೆ ಪವಿತ್ರವೆಂದು ಮಕ್ಕಳು ಬೀದಿಗಿಳಿದು ನೆನೆಯುತ್ತಾರೆ. ನೆನೆಯಬೇಡ ಎಂದು ಯಾವ ತಾಯಿಯೂ ಬೈಯದ ಒಂದು ದಿನವನ್ನು ಪಂಚಾಂಗದಲ್ಲೇ ಬರೆದಿಟ್ಟ ನಾಡು ಇದು. ಮತ್ತೆ ಮೂರು ದಿನಕ್ಕೆ ಹೊಸ ವರ್ಷ, ಸಾಮಾನ್ಯವಾಗಿ ಸೆಪ್ಟೆಂಬರ್ 11. ಮೋಡ ಹಿಂದೆ ಸರಿಯುವ ಹೊತ್ತಿಗೆ ಅದೆಯ್ ಎಂಬ ಹಳದಿ ಹೂವು ಬೆಟ್ಟ, ಬೇಲಿ, ರಸ್ತೆಬದಿಯನ್ನೆಲ್ಲ ಹಿಡಿದುಬಿಡುತ್ತದೆ. ಕೆಲವೇ ವಾರದ ದರ್ಬಾರು. ಹೆಣ್ಣುಮಕ್ಕಳು ಬಿಳಿ ಲಂಗದಲ್ಲಿ ಹೂವು ಹಿಡಿದು ಮನೆಮನೆಗೆ ಹಾಡಲು ಬರುತ್ತಾರೆ, ಹುಡುಗರು ತಾವೇ ಬಿಡಿಸಿದ ಚಿತ್ರ ಕೊಟ್ಟು ಚಿಲ್ಲರೆಗೆ ಕಾಯುತ್ತಾರೆ. ಕಾಲೇಜೂ ಆಗಲೇ ಶುರು. ಇವರ ಇಸವಿ ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದೆ. ಎರಡು ಸಾವಿರದ ಇಸವಿಯನ್ನು ಇವರು ಸ್ವಾಗತಿಸಿದ್ದು ನಮ್ಮ 2007ರ ಸೆಪ್ಟೆಂಬರಿನಲ್ಲಿ. ವಯಸ್ಸಿನ ಲೆಕ್ಕಕ್ಕೆ ಈ ಪಂಚಾಂಗವೇ ಇರಲಿ ಎಂದು ನನ್ನ ಹೆಂಡತಿಯ ಅಭಿಪ್ರಾಯ.

ಹಾಡಿನ ಮಾತು ಬಿಟ್ಟರೆ ಅಡಿಸ್‌ನ ಮಾತು ಅರ್ಧವೇ. ತಿಝಿತಾ ಎಂಬುದು ಇವರ ಒಂದು ಸ್ವರಕ್ರಮ, ಆ ಸ್ವರಕ್ರಮದಲ್ಲಿ ಹಾಡುವ ನೆನಪಿನ, ಅಗಲಿಕೆಯ ಹಾಡೂ ಹೌದು. ಮಿನಿಬಸ್ಸಿನ ರೇಡಿಯೋದಲ್ಲಿ ಬಂದಾಗ ಸಂಗೀತದ ಕಿವಿಯಿರುವ ಕನ್ನಡಿಗ ನೆಟ್ಟಗೆ ಕೂರುತ್ತಾನೆ. ಐದೇ ಸ್ವರ, ಅವೂ ನಮ್ಮ ಮೋಹನ ರಾಗದವೇ. ಆದರೆ ಮೋಹನ ಬೆಳಕಿಗೆ ಮುಖ ಮಾಡಿ ನಿಂತರೆ ಇದು ಅದೇ ಮೆಟ್ಟಿಲುಗಳಲ್ಲಿ ಕೆಳಗಿಳಿದು ಹಿತ್ತಲಿಗೆ ಹೋಗಿ ಕೂರುತ್ತದೆ.

ಸಂಜೆಯ ಪಾನಗೃಹಗಳಲ್ಲಿ ಅಜ್ಮಾರಿಗಳೆಂಬ ಹಾಡುಗಾರರಿರುತ್ತಾರೆ. ಒಂಟಿ ತಂತಿಯ ಮಸಿಂಕೋ ಕೊಯ್ಯುತ್ತ, ಕೂತವರ ಮೇಲೆ ಅಲ್ಲೇ ಎರಡು ಸಾಲು ಕಟ್ಟಿ ಹಾಡುತ್ತಾರೆ. ಮೇಲಿನ ಅರ್ಥ ಮೇಣ, ಒಳಗಿನದು ಚಿನ್ನ ಎಂಬುದು ಇವರ ಕಾವ್ಯಮೀಮಾಂಸೆಯ ಸೂತ್ರ. ಅಕ್ಕಸಾಲಿಗ ಮೇಣದ ಅಚ್ಚಿಗೆ ಮಣ್ಣು ಮೆತ್ತಿ, ಮೇಣ ಕರಗಿಸಿ, ಚಿನ್ನ ಹೊಯ್ಯುವ ರೀತಿಯಿಂದ ಬಂದದ್ದು. ಕಾವ್ಯದ ಒಳಧ್ವನಿಯ ಮಾತು ಹೇಳಿದ ನಮ್ಮ ಆನಂದವರ್ಧನ ಕೂತಿದ್ದರೆ ತಲೆದೂಗುತ್ತಿದ್ದ, ಪಕ್ಕದಲ್ಲಿ ಜೇನಿನ ತೆಜ್ ತುಂಬಿದ ಗಾಜಿನ ಬುದ್ದಲಿ ಇಟ್ಟುಕೊಂಡು. ಅರ್ಥವನ್ನು ಮೊದಲ ಕೇಳುವಿಕೆಗೇ ಚೆಲ್ಲಿಬಿಡುವ ಹಾಡುಗಾರನಿಗೆ ಇಲ್ಲಿ ಮರ್ಯಾದೆ ಕಡಿಮೆ. ಸಾಲು ಮುಗಿದ ಮೇಲೆ ಒಂದು ಗಳಿಗೆ ಯಾರೂ ನಗುವುದಿಲ್ಲ. ಮೂಲೆಯಲ್ಲೊಬ್ಬನಿಗೆ ಹೊಳೆಯುತ್ತದೆ, ಅವನು ನಕ್ಕ ಮೇಲೆ ಇನ್ನೊಬ್ಬ, ಆಮೇಲೆ ಛಾವಣಿ ಹಾರುವಂತೆ ಎಲ್ಲರೂ.

ಒಂದು ರಾತ್ರಿ ಸಹೋದ್ಯೋಗಿಗಳು ನನ್ನನ್ನು ತೋರಿಸಿ, ಇವರು ಭಾರತದ ಮೇಷ್ಟ್ರು ಎಂದರು. ಅಜ್ಮಾರಿ ನನ್ನ ಮುಂದೆ ಬಗ್ಗಿ ನಿಂತು ಎರಡು ಸಾಲು ಹಾಡಿದ. ತೂಕ, ಬೆಳಕು, ಭಾರತ ಎಂಬಷ್ಟು ನನಗೂ ತಿಳಿಯಿತು. ಎಲ್ಲರೂ ನಕ್ಕರು, ನಾನೂ ನಕ್ಕು ಅವನ ಹಣೆಗೆ ಪದ್ಧತಿಯಂತೆ ನೋಟು ಅಂಟಿಸಿದೆ. ಮರುದಿನ ಸ್ಟಾಫ್ ರೂಮಿನಲ್ಲಿ ಕೇಳಿದರೆ ರಸಾಯನಶಾಸ್ತ್ರದವರು ಅದು ನನ್ನ ವಿದ್ಯೆಯ ಹೊಗಳಿಕೆ ಎಂದರು. ಇತಿಹಾಸದವರು, ಅಲ್ಲ, ನನ್ನ ಹೊಟ್ಟೆಯ ಮೇಲಿನದು ಎಂದರು. ಅಮ್ಹಾರಿಕ್ ಪಾಠ ಮಾಡುವ ಮೇಡಂ ಇಬ್ಬರನ್ನೂ ಕೇಳಿಸಿಕೊಂಡು, 'ಇನ್ನೂ ಒಂದಿದೆ, ಅದನ್ನು ಕಾಫಿಗೆ ಬಂದಾಗ ಹೇಳುತ್ತೇನೆ' ಎಂದು ಕ್ಲಾಸಿಗೆ ಹೊರಟುಹೋದರು.